ಮೊದಲ ಟೆಲಿಫೋಟೊ ಲೆನ್ಸ್ ಕೊಳ್ಳುವ ಮುನ್ನ

ವನ್ಯಜೀವಿ ಛಾಯಾಗ್ರಹಣಕ್ಕೆಂದು ಮೊದಲ ಲೆನ್ಸ್ ಕೊಳ್ಳುವವರು 600 ಮಿ.ಮೀ.ಗೇ (ಈ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಪಟ್ಟು ಹಿಡಿಯದೆ, ತಾವು ಹೆಚ್ಚಾಗಿ ಹೋಗುವ ಜಾಗವನ್ನು ಗಮನಿಸುವುದು ಒಳಿತು. ರಂಗನತಿಟ್ಟಿನಲ್ಲಿ ದೋಣಿಯು ಕೊಕ್ಕರೆಗಳ ಗೂಡಿನ ಸಮೀಪವೇ ಸಾಗುವುದರಿಂದ 100-400 ಮಿ.ಮೀ. ಜೂಮ್ ಧಾರಾಳವಾಗಿ ಸಾಕು. ನಾಗರಹೊಳೆಯ ಬೆಳಗಿನ ಸಫಾರಿಯಲ್ಲಿ ತೊಡಕಾಗುವುದು ದೂರಕ್ಕಿಂತ ಹೆಚ್ಚಾಗಿ ಬೆಳಕು: ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಅಳತೆ ಎಫ್/4 ಇದ್ದಾಗಿನದಕ್ಕೆ ಹೋಲಿಸಿದರೆ ಎಫ್/6.3ರಲ್ಲಿ ಅರ್ಧಕ್ಕಿಂತಲೂ ಕಡಿಮೆ ಬೆಳಕು ಒಳಬರುವುದರಿಂದ, ಮರದ ನೆರಳಿನಲ್ಲಿರುವ ಚಿರತೆಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸದೆ ತಕ್ಕ ಶಟರ್ ವೇಗ ಸಿಗುವುದಿಲ್ಲ. ಆದರೆ 600 ಮಿ.ಮೀ. ಎಫ್/4 ಲೆನ್ಸಿನ ತೂಕ 3 ಕಿಲೋ ಆಸುಪಾಸು, ಬೆಲೆಯಂತೂ ಕೇಳುವಂತಿಲ್ಲ. ಆದ್ದರಿಂದ ನಾನು ಸುಮಾರು 2 ಕಿಲೋ ತೂಗುವ 150-600 ಜೂಮನ್ನೇ ಉಳಿಸಿಕೊಂಡು, ಜೀಪಿನ ಕಂಬಿಯ ಮೇಲೆ ಅಕ್ಕಿ ತುಂಬಿದ ಬಟ್ಟೆಚೀಲವಿಟ್ಟು ಅದರ ಮೇಲೆ ಲೆನ್ಸನ್ನು ಊರುತ್ತೇನೆ. ಯಾವುದೇ ಆದರೂ, ಹಣ ಕಟ್ಟುವ ಮೊದಲು ಎರಡು ದಿನ ಬಾಡಿಗೆಗೆ ತಂದು, ಕೈಯಲ್ಲಿ ಹಿಡಿದೇ ಹಾರುವ ಹದ್ದನ್ನು ಹಿಂಬಾಲಿಸಿ ನೋಡಿ.