ಡಿಸ್ಕೌಂಟ್ ಬ್ರೋಕರ್‌ ಬಳಿ ಖಾತೆ ತೆರೆಯುವ ಮುನ್ನ ಏನನ್ನು, ಹೇಗೆ ಪರೀಕ್ಷಿಸಬೇಕು

ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಷೇರುಗಳಲ್ಲಿ ತೊಡಗಿಸಬೇಕೆಂದುಕೊಂಡ ನನ್ನ ಅಕ್ಕ, ಎರಡು ಡಿಸ್ಕೌಂಟ್ ಬ್ರೋಕರ್ ಕಂಪನಿಗಳ, ಅಂದರೆ ಕಡಿಮೆ ಶುಲ್ಕಕ್ಕೆ ಷೇರು ಕೊಳ್ಳಲು, ಮಾರಲು ಅನುವು ಮಾಡುವ ಮಧ್ಯವರ್ತಿಗಳ, ದರಪಟ್ಟಿಯನ್ನು ಮುದ್ರಿಸಿ ತಂದು, "ಇವೆರಡರಲ್ಲಿ ಯಾವುದು ಅಗ್ಗ, ಅಷ್ಟು ಹೇಳು ಸಾಕು" ಎಂದಳು. ಅಗ್ಗ ಯಾವುದೆಂದು ಹೇಳಲು ಐದು ನಿಮಿಷ ಸಾಕಾಯಿತು. ಆದರೆ ಆ ಪ್ರಶ್ನೆ ಮೂರನೆಯದಾಗಬೇಕಿತ್ತು ಎಂದು ಅವಳಿಗೆ ಮನವರಿಕೆ ಮಾಡಲು ಇಡೀ ಸಂಜೆ ಹಿಡಿಯಿತು. ಆ ಸಂಜೆ ನಾವಿಬ್ಬರೂ ಕುಳಿತು ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2010ರಲ್ಲಿ ಬೆಂಗಳೂರಿನಲ್ಲಿ ಝೆರೋಧಾ ಎಂಬ ಡಿಸ್ಕೌಂಟ್ ಬ್ರೋಕರ್ ಆರಂಭವಾಗುವ ಕಾಲಕ್ಕೆ, ವಹಿವಾಟಿನ ಮೊತ್ತದ ಇಂತಿಷ್ಟು ಶೇಕಡಾ ಎಂದು ದಲ್ಲಾಳಿ (ಬ್ರೋಕರ್ ಪಡೆಯುವ ಶುಲ್ಕ) ಕೊಡುವುದೇ ರೂಢಿಯಾಗಿತ್ತು. ಮೊತ್ತ ಎಷ್ಟೇ ಇರಲಿ, ಒಂದು ಆರ್ಡರ್‌ಗೆ ಗರಿಷ್ಠ 20 ರೂಪಾಯಿ ಎಂಬ ಪದ್ಧತಿ ಬೇರೂರಿದ ಮೇಲೆ ಲೆಕ್ಕವೇ ಬದಲಾಯಿತು. 2015ರ ಕೊನೆಯಲ್ಲಿ ಅದೇ ಕಂಪನಿ ಡೆಲಿವರಿ ವಹಿವಾಟಿನ, ಅಂದರೆ ಕೊಂಡ ಷೇರನ್ನು ಅದೇ ದಿನ ಮಾರದೆ ಇಟ್ಟುಕೊಳ್ಳುವ ವಹಿವಾಟಿನ, ದಲ್ಲಾಳಿಯನ್ನು ಪೂರ್ತಿಯಾಗಿ ಕೈಬಿಟ್ಟಿತು. ಬೆಂಗಳೂರಿನದೇ ಆದ ಗ್ರೋ, ಮುಂಬೈನ ಅಪ್‌ಸ್ಟಾಕ್ಸ್, ಏಂಜೆಲ್ ಒನ್ ಮುಂತಾದವೆಲ್ಲ ಇಂದು ಹೆಚ್ಚುಕಡಿಮೆ ಇದೇ ಆಸುಪಾಸಿನ ದರದಲ್ಲಿವೆ. ದರಗಳು ಇಷ್ಟು ಹತ್ತಿರ ಬಂದಿರುವಾಗ, ನನ್ನ ಷೇರು ಮತ್ತು ಹಣ ಎಲ್ಲಿರುತ್ತವೆ, ಕೆಟ್ಟ ದಿನದಲ್ಲಿ ಈ ಕಂಪನಿ ಹೇಗೆ ನಡೆದುಕೊಳ್ಳುತ್ತದೆ ಎಂಬ ಎರಡು ಪ್ರಶ್ನೆಗಳೇ ಮುಖ್ಯವಾಗುತ್ತವೆ.

ಷೇರು ಎಲ್ಲಿರುತ್ತದೆ

ಷೇರುಗಳು ಬ್ರೋಕರ್‌ನ ಆ್ಯಪ್‌ನಲ್ಲಿ ಇರುವುದಿಲ್ಲ. ಅವು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಎರಡು ಡಿಪಾಸಿಟರಿಗಳಲ್ಲಿ (ಷೇರುಗಳ ಭಂಡಾರದಂಥ ಸಂಸ್ಥೆಗಳಲ್ಲಿ) ಒಂದರಲ್ಲಿ, ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ, ನಿಮ್ಮ ಹೆಸರಿನ ಡಿಮ್ಯಾಟ್ ಖಾತೆಯಲ್ಲಿರುತ್ತವೆ. ಬ್ರೋಕರ್ ಆ ಖಾತೆಗೆ ಬಾಗಿಲು ಮಾತ್ರ. ಸಿಡಿಎಸ್‌ಎಲ್ ಖಾತೆಗೆ 16 ಅಂಕಿಗಳ ಸಂಖ್ಯೆ ಇರುತ್ತದೆ, ಎನ್‌ಎಸ್‌ಡಿಎಲ್ ಖಾತೆಯದು 'ಐಎನ್' ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗಿ ಅದರ ಮುಂದೆ 14 ಅಂಕಿಗಳಿರುತ್ತವೆ. ಖಾತೆ ತೆರೆದ ವಾರದಲ್ಲೇ ಡಿಪಾಸಿಟರಿಯ ಜಾಲತಾಣದಲ್ಲಿ ನೇರವಾಗಿ ನೋಂದಾಯಿಸಿಕೊಂಡು, ಬ್ರೋಕರ್‌ನ ಆ್ಯಪ್ ತೋರಿಸುವ ಷೇರುಗಳ ಸಂಖ್ಯೆಯೂ ಅಲ್ಲಿಯ ಸಂಖ್ಯೆಯೂ ತಾಳೆಯಾಗುತ್ತವೆಯೇ ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಇದು ಅತಿಯಾದ ಎಚ್ಚರಿಕೆಯಲ್ಲ. 2019ರ ನವೆಂಬರ್ 22ರಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಮೇಲೆ ಹೊರಡಿಸಿದ ಆದೇಶಕ್ಕೆ ಕಾರಣವೇ ಇದು: ಗ್ರಾಹಕರು ಬರೆದುಕೊಟ್ಟಿದ್ದ ಅಧಿಕಾರಪತ್ರದ ಬಲದಿಂದ ಅವರ ಷೇರುಗಳನ್ನು ತನ್ನ ಖಾತೆಗೆ ಎಳೆದುಕೊಂಡು, ಅವುಗಳನ್ನು ಒತ್ತೆಯಿಟ್ಟು ಕಂಪನಿ ಸಾಲ ಪಡೆದಿತ್ತು. ಡಿಸೆಂಬರ್ ಮೊದಲ ವಾರದಲ್ಲಿ ಸುಮಾರು 83 ಸಾವಿರ ಗ್ರಾಹಕರಿಗೆ ಷೇರುಗಳು ಮರಳಿದವು, ಉಳಿದವರು ಇನ್ನೂ ಕಾಯಬೇಕಾಯಿತು.

ಆ ಪ್ರಕರಣದ ನಂತರ ನಿಯಮಗಳು ಬಹಳ ಬಿಗಿಯಾಗಿವೆ. 2020ರ ಸೆಪ್ಟೆಂಬರ್‌ನಿಂದ, ಷೇರನ್ನು ಒತ್ತೆಯಿಟ್ಟರೂ ಅದು ನಿಮ್ಮ ಡಿಮ್ಯಾಟ್ ಖಾತೆಯಲ್ಲೇ ಉಳಿಯುತ್ತದೆ, ಮತ್ತು ಒತ್ತೆಗೆ ನೀವು ಒಟಿಪಿ ಮೂಲಕ ಒಪ್ಪಿಗೆ ಕೊಡಬೇಕು. 2022ರ ನವೆಂಬರ್‌ನಿಂದ ಹೊಸ ಗ್ರಾಹಕರಲ್ಲಿ ಹಳೆಯ ಅಧಿಕಾರಪತ್ರದ ಜಾಗಕ್ಕೆ ಡಿಡಿಪಿಐ ಎಂಬ, ನಾಲ್ಕೇ ಉದ್ದೇಶಗಳಿಗೆ ಸೀಮಿತವಾದ ಪತ್ರ ಬಂದಿದೆ. 2025ರ ಫೆಬ್ರುವರಿಯಿಂದ, ಕೊಂಡ ಷೇರು ಬ್ರೋಕರ್‌ನ ಸಾಮೂಹಿಕ ಖಾತೆಯ ಮೂಲಕ ಹಾಯದೆ ನೇರವಾಗಿ ನಿಮ್ಮ ಖಾತೆಗೆ ಬರುತ್ತದೆ. ಇಷ್ಟೆಲ್ಲ ಆದ ಮೇಲೂ ಡಿಡಿಪಿಐಗೆ ಸಹಿ ಹಾಕುವುದು ಕಡ್ಡಾಯವಲ್ಲ ಎಂಬುದನ್ನು ಹಲವರು ಗಮನಿಸುವುದಿಲ್ಲ. ವರ್ಷಕ್ಕೆ ನಾಲ್ಕೈದು ಬಾರಿ ಮಾತ್ರ ಮಾರುವವರಿಗೆ, ಪ್ರತಿ ಬಾರಿ ಟಿಪಿನ್ (ಮಾರಾಟಕ್ಕೆ ಒಪ್ಪಿಗೆ ಕೊಡುವ ಗುಪ್ತಸಂಖ್ಯೆ) ಮತ್ತು ಒಟಿಪಿ ಕೊಟ್ಟು ಮಾರುವುದೇ ಸಾಕು. ಅರ್ಜಿಯ ನಡುವೆ ಆ ಪತ್ರವನ್ನು ಕಡ್ಡಾಯವೆಂಬಂತೆ ಮುಂದಿಡುವ ಕಂಪನಿಯ ಬಗ್ಗೆ ನನಗೆ ಅಲ್ಲಿಂದಲೇ ಅನುಮಾನ ಹುಟ್ಟುತ್ತದೆ.

ಕಂಪನಿಯ ನೋಂದಣಿಯನ್ನು ಪರಿಶೀಲಿಸುವುದು ಎರಡು ನಿಮಿಷದ ಕೆಲಸ. ಷೇರು ಬ್ರೋಕರ್‌ಗಳ ಸೆಬಿ ನೋಂದಣಿ ಸಂಖ್ಯೆ 'ಐಎನ್‌ಜೆಡ್' ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುತ್ತದೆ. ಅದನ್ನು ಕಂಪನಿಯ ಜಾಲತಾಣದ ಕೊನೆಯ ಸಾಲುಗಳಲ್ಲಿ ಹುಡುಕಿ, ಸೆಬಿಯ ಪಟ್ಟಿಯಲ್ಲಿ ಹೆಸರು ಮತ್ತು ವಿಳಾಸದೊಡನೆ ಹೋಲಿಸಿ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರುವ ಕೊಂಡಿಯಿಂದ ಆ್ಯಪ್ ಇಳಿಸಿಕೊಂಡು, ಹೆಸರಾಂತ ಕಂಪನಿಯ ನಕಲಿ ಆ್ಯಪ್‌ಗೆ ಲಕ್ಷಗಟ್ಟಲೆ ಹಣ ಹಾಕಿ ಕಳೆದುಕೊಂಡವರ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. 2025ರ ಅಕ್ಟೋಬರ್‌ನಿಂದ ನೋಂದಾಯಿತ ಬ್ರೋಕರ್‌ಗಳ ಯುಪಿಐ ವಿಳಾಸದಲ್ಲಿ 'ಬಿಆರ್‌ಕೆ' ಎಂಬ ಗುರುತೂ 'ವ್ಯಾಲಿಡ್' ಎಂಬ ಪದದೊಡನೆ ಬ್ಯಾಂಕಿನ ಹೆಸರೂ ಇರುವ ವ್ಯವಸ್ಥೆ ಬಂದಿದೆ. ಹಣ ಕಳಿಸುವ ಮುನ್ನ ಅದನ್ನು ನೋಡಿ. ಯಾವುದೋ ವ್ಯಕ್ತಿಯ ಹೆಸರಿನ ಖಾತೆಗೆ ಹಣ ಹಾಕಿ ಎಂದರೆ, ಎಂಥ ಕಾರಣ ಹೇಳಿದರೂ ಹಾಕಬಾರದು.

ಹಣದ ವಿಷಯದಲ್ಲಿ ಒಂದು ಮಾತು. ಬಳಕೆಯಾಗದೆ ಬ್ರೋಕರ್ ಬಳಿ ಉಳಿದ ಹಣಕ್ಕೆ ನಿಮಗೆ ಬಡ್ಡಿ ಸಿಗುವುದಿಲ್ಲ. ಅದನ್ನು ನೀವು ಆಯ್ದಂತೆ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಬ್ಯಾಂಕ್ ಖಾತೆಗೆ ಹಿಂದಿರುಗಿಸಬೇಕೆಂಬ ನಿಯಮವಿದೆ. ತಿಂಗಳ ಆಯ್ಕೆಯನ್ನೇ ಗುರುತು ಹಾಕಿ. ಐಪಿಒ (ಕಂಪನಿಯೊಂದು ಮೊದಲ ಬಾರಿ ಸಾರ್ವಜನಿಕರಿಗೆ ಷೇರು ನೀಡುವುದು) ಅರ್ಜಿಯಲ್ಲಿ ಆಗುವಂತೆ, ಹಣ ನಿಮ್ಮ ಬ್ಯಾಂಕಿನಲ್ಲೇ ಇದ್ದು ಯುಪಿಐ ಮೂಲಕ ತಡೆಹಿಡಿಯಲ್ಪಡುವ ಸೌಲಭ್ಯವೂ ಈಗ ಇದೆ. ನಿಮ್ಮ ಬ್ರೋಕರ್ ಅದನ್ನು ಕೊಡುತ್ತಾರೆಯೇ ಎಂದು ಕೇಳಿ.

ಶೂನ್ಯ ದಲ್ಲಾಳಿಯ ಲೆಕ್ಕ

ಈಗ ಅಕ್ಕನ ಪ್ರಶ್ನೆಗೆ ಬರೋಣ. ದಲ್ಲಾಳಿ ಶೂನ್ಯವೆಂದರೆ ಖರ್ಚು ಶೂನ್ಯವಲ್ಲ. 50,000 ರೂಪಾಯಿಯ ಷೇರು ಕೊಂಡು, ಕೆಲವು ದಿನ ಇಟ್ಟು, ಅದೇ ಬೆಲೆಗೆ ಮಾರಿದರೆ ಏನಾಗುತ್ತದೆಂದು ಕಾಗದದ ಮೇಲೆ ಬರೆದೆವು. ಕೊಳ್ಳುವಾಗ ಷೇರು ವಹಿವಾಟು ತೆರಿಗೆ ಶೇ 0.1ರಂತೆ 50 ರೂಪಾಯಿ, ಮುದ್ರಾಂಕ ಶುಲ್ಕ ಶೇ 0.015ರಂತೆ ಏಳೂವರೆ ರೂಪಾಯಿ, ವಿನಿಮಯ ಕೇಂದ್ರದ ಶುಲ್ಕ ಲಕ್ಷಕ್ಕೆ ಸುಮಾರು ಮೂರು ರೂಪಾಯಿಯಂತೆ ಒಂದೂವರೆ ರೂಪಾಯಿ, ಸೆಬಿ ಶುಲ್ಕ ಐದು ಪೈಸೆ, ಕೊನೆಯ ಎರಡರ ಮೇಲೆ ಶೇ 18ರ ಜಿಎಸ್‌ಟಿ: ಒಟ್ಟು ಸುಮಾರು 59 ರೂಪಾಯಿ. ಮಾರುವಾಗ ಮುದ್ರಾಂಕ ಶುಲ್ಕವಿಲ್ಲ, ಉಳಿದದ್ದು ಸುಮಾರು 52 ರೂಪಾಯಿ. ಅದಕ್ಕೆ ಡಿಮ್ಯಾಟ್ ಖಾತೆಯಿಂದ ಷೇರು ಹೊರಹೋಗುವುದಕ್ಕೆ ತೆಗೆದುಕೊಳ್ಳುವ ಡಿಪಿ ಶುಲ್ಕ 15 ರೂಪಾಯಿ ಸೇರಿಸಿದರೆ 67. ಎರಡೂ ಸೇರಿ ಸುಮಾರು 126 ರೂಪಾಯಿ.

ಈ 126 ರೂಪಾಯಿಯಲ್ಲಿ ಬ್ರೋಕರ್‌ನಿಂದ ಬ್ರೋಕರ್‌ಗೆ ವ್ಯತ್ಯಾಸವಾಗಬಹುದಾದದ್ದು ಆ ಡಿಪಿ ಶುಲ್ಕ ಮಾತ್ರ. ಉಳಿದದ್ದು ಎಲ್ಲೆಡೆ ಒಂದೇ. ಆರ್ಡರ್‌ಗೆ 20 ರೂಪಾಯಿ ದಲ್ಲಾಳಿ ಇದ್ದರೆ ಎರಡು ಆರ್ಡರ್‌ಗೆ ಜಿಎಸ್‌ಟಿ ಸೇರಿ 47 ರೂಪಾಯಿ 20 ಪೈಸೆ ಹೆಚ್ಚಾಗುತ್ತದೆ. ಅರ್ಧ ಶೇಕಡಾ ದಲ್ಲಾಳಿಯ ಹಳೆಯ ಮಾದರಿಯ ಸಂಸ್ಥೆಯಾದರೆ ಹೆಚ್ಚಾಗುವುದು 590 ರೂಪಾಯಿ.

ಸಣ್ಣ ಮೊತ್ತದವರು ಮಾತ್ರ ಇಲ್ಲಿ ನಿಧಾನವಾಗಿ ಓದಬೇಕು. ತಿಂಗಳಿಗೆ 1,000 ರೂಪಾಯಿಯ ಷೇರು ಕೊಳ್ಳುವವರಿಗೆ 20 ರೂಪಾಯಿ ದಲ್ಲಾಳಿಯೆಂದರೆ ಜಿಎಸ್‌ಟಿ ಸೇರಿ ಶೇ 2.36 ಹೊರೆ, ಷೇರು ಅಷ್ಟು ಏರಿದ ಮೇಲೆಯೇ ಲಾಭದ ಮಾತು. ಡಿಪಿ ಶುಲ್ಕವೂ ಹಾಗೆಯೇ: ಒಂದು ಕಂಪನಿಯ ಷೇರನ್ನು ಒಂದು ದಿನದಲ್ಲಿ ಎಷ್ಟು ಮಾರಿದರೂ ಒಮ್ಮೆ, ಐದು ದಿನ ಬಿಡಿಬಿಡಿಯಾಗಿ ಮಾರಿದರೆ ಐದು ಬಾರಿ. ದರಪಟ್ಟಿಯಲ್ಲಿ 'ಕನಿಷ್ಠ' ಎಂಬ ಪದ ಎಲ್ಲಿ ಬಂದರೂ ಅಲ್ಲಿ ನಿಲ್ಲಿ.

ವಾರ್ಷಿಕ ನಿರ್ವಹಣಾ ಶುಲ್ಕಕ್ಕೂ ಒಂದು ಉಪಾಯವಿದೆ. 2024ರ ಸೆಪ್ಟೆಂಬರ್‌ನಿಂದ ಸಣ್ಣ ಹೂಡಿಕೆದಾರರಿಗೆಂದೇ ಇರುವ ಮೂಲ ಸೇವಾ ಡಿಮ್ಯಾಟ್ ಖಾತೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಹಿಡುವಳಿಗೆ ಈ ಶುಲ್ಕವಿಲ್ಲ, 4ರಿಂದ 10 ಲಕ್ಷದವರೆಗೆ ವರ್ಷಕ್ಕೆ 100 ರೂಪಾಯಿ. ಆದರೆ ನಿಮ್ಮ ಪ್ಯಾನ್‌ನಲ್ಲಿ ಮೊದಲ ಹೆಸರು ನಿಮ್ಮದಾಗಿರುವ ಖಾತೆ ಅದೊಂದೇ ಆಗಿರಬೇಕು. ಎಂದೋ ತೆರೆದು ಮರೆತ ಹಳೆಯ ಡಿಮ್ಯಾಟ್ ಖಾತೆ ಇದ್ದರೆ ಈ ರಿಯಾಯಿತಿ ಕೈತಪ್ಪುತ್ತದೆ. ಅಕ್ಕನಿಗೆ ಹಾಗೆಯೇ ಒಂದು ಖಾತೆ ಇತ್ತು, ಮೊದಲು ಅದನ್ನು ಮುಚ್ಚಿಸಿದೆವು.

ಆರ್ಡರ್ ಪುಟದಲ್ಲಿ ಸಾಲದ ಗುಂಡಿ ಎಲ್ಲಿದೆ ಎಂದು ನೋಡಿಕೊಳ್ಳಿ. ಎಂಟಿಎಫ್ ಎಂಬ ಸೌಲಭ್ಯದಲ್ಲಿ ಬೆಲೆಯ ಒಂದು ಭಾಗವನ್ನು ನೀವು ಕೊಟ್ಟು ಉಳಿದದ್ದನ್ನು ಬ್ರೋಕರ್ ಸಾಲವಾಗಿ ಹಾಕುತ್ತಾರೆ. ವರ್ಷಕ್ಕೆ ಶೇ 15ರ ಬಡ್ಡಿಯಲ್ಲಿ 50,000 ರೂಪಾಯಿ ಸಾಲಕ್ಕೆ ದಿನಕ್ಕೆ 20 ರೂಪಾಯಿಗಿಂತ ಸ್ವಲ್ಪ ಹೆಚ್ಚು ಬೀಳುತ್ತದೆ. ಅಂದರೆ ದಲ್ಲಾಳಿ ಉಳಿಸಲೆಂದು ಹುಡುಕಿ ಬಂದ ಆ 20 ರೂಪಾಯಿಯನ್ನು ಪ್ರತಿದಿನ ಕೊಟ್ಟಂತೆ. ಕೆಲವು ಆ್ಯಪ್‌ಗಳಲ್ಲಿ ಈ ಆಯ್ಕೆ ಕಣ್ಣಿಗೆ ಮೊದಲು ಬೀಳುವಂತಿರುತ್ತದೆ, ಅಂಥದ್ದನ್ನು ನಾನು ಪಕ್ಕಕ್ಕಿಡುತ್ತೇನೆ.

ದಲ್ಲಾಳಿ ತೆಗೆದುಕೊಳ್ಳದವರಿಗೆ ಆದಾಯ ಎಲ್ಲಿಂದ ಎಂಬುದನ್ನೂ ಕೇಳಿಕೊಳ್ಳಬೇಕು. ಬಹುಪಾಲು ಡಿಸ್ಕೌಂಟ್ ಬ್ರೋಕರ್‌ಗಳಿಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಷೇರಿನ ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದಗಳ, ವಹಿವಾಟು ದೊಡ್ಡ ಆದಾಯ ಮೂಲ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಆ ವಿಭಾಗದಲ್ಲಿ ವ್ಯವಹರಿಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು. ಆದ್ದರಿಂದ ಖಾತೆ ತೆರೆಯುವಾಗ ಆ ವಿಭಾಗವನ್ನು ಸಕ್ರಿಯಗೊಳಿಸಲು ಎಷ್ಟು ಒತ್ತಾಯವಿದೆ, ದಿನಕ್ಕೆ ಎಷ್ಟು ಸಲ ಆ್ಯಪ್ ನಿಮ್ಮನ್ನು ವಹಿವಾಟಿಗೆ ಕರೆಯುತ್ತದೆ ಎಂಬುದನ್ನು ಒಂದು ವಾರ ಗಮನಿಸಿ. ತೆರೆದಾಗಲೆಲ್ಲ ಶಾಂತವಾಗಿ ನಿಮ್ಮ ಹಿಡುವಳಿಯನ್ನಷ್ಟೇ ತೋರಿಸುವ ಆ್ಯಪ್ ದೀರ್ಘಕಾಲದ ಹೂಡಿಕೆದಾರನಿಗೆ ಒಳ್ಳೆಯದು.

ಕೆಟ್ಟ ದಿನದ ಪರೀಕ್ಷೆ

ಕೆಲವು ವರ್ಷಗಳ ಹಿಂದೆ, ಪೇಟೆ ಜೋರಾಗಿ ಕುಸಿದ ಒಂದು ಬೆಳಿಗ್ಗೆ, ನಾನು ಆಗ ಬಳಸುತ್ತಿದ್ದ ಆ್ಯಪ್, ಪೇಟೆ ತೆರೆಯುವ 9.15ರಿಂದ ಸುಮಾರು ಮುಕ್ಕಾಲು ಗಂಟೆ ಒಳಗೇ ಬಿಡಲಿಲ್ಲ. ಪರದೆಯ ನಡುವೆ ಚಕ್ರ ತಿರುಗುತ್ತಲೇ ಇತ್ತು. ಸಹಾಯವಾಣಿಯಲ್ಲಿ ಸಂಗೀತ ಕೇಳಿಸಿತೇ ಹೊರತು ಮನುಷ್ಯರ ದನಿ ಕೇಳಿಸಲಿಲ್ಲ. ಅಂದು ನನಗಾದ ನಷ್ಟ ಚಿಕ್ಕದು, ಆದರೆ ಫೋನ್ ಮೂಲಕ ಆರ್ಡರ್ ಹಾಕುವ ಸಂಖ್ಯೆಯನ್ನು ನಾನು ಮೊದಲೇ ಬರೆದಿಟ್ಟುಕೊಂಡಿರಲಿಲ್ಲ ಎಂಬುದು ಇಂದಿಗೂ ಕಾಡುತ್ತದೆ.

ತೊಂದರೆ ಯಾವಾಗಲೂ ಬ್ರೋಕರ್‌ನದೇ ಆಗಿರುವುದಿಲ್ಲ. 2021ರ ಫೆಬ್ರುವರಿ 24ರಂದು ಎನ್‌ಎಸ್‌ಇ ಎಂಬ ಷೇರು ವಿನಿಮಯ ಕೇಂದ್ರದಲ್ಲೇ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಂತು, ಮತ್ತೆ ಆರಂಭವಾದದ್ದು ಮಧ್ಯಾಹ್ನ 3.45ಕ್ಕೆ. ಆ ಹೊತ್ತಿನಲ್ಲಿ ಇನ್ನೊಂದು ವಿನಿಮಯ ಕೇಂದ್ರವಾದ ಬಿಎಸ್‌ಇ ನಡೆಯುತ್ತಿತ್ತು. ಎರಡೂ ವಿನಿಮಯ ಕೇಂದ್ರಗಳಲ್ಲಿ ಆರ್ಡರ್ ಹಾಕಲು ನಿಮ್ಮ ಖಾತೆಯಲ್ಲಿ ಅವಕಾಶವಿದೆಯೇ ಎಂದು ಅದಕ್ಕಾಗಿಯೇ ನೋಡಬೇಕು. ಬ್ರೋಕರ್‌ನ ಇಡೀ ವ್ಯವಸ್ಥೆಯೇ ಕುಸಿದರೆ ತೆರೆದಿರುವ ವಹಿವಾಟನ್ನು ಮುಚ್ಚಲು ವಿನಿಮಯ ಕೇಂದ್ರಗಳು 2023ರ ಅಕ್ಟೋಬರ್‌ನಲ್ಲಿ ಐಆರ್‌ಆರ್‌ಎ ಎಂಬ ಪರ್ಯಾಯ ವೇದಿಕೆಯನ್ನು ತಂದಿವೆ. ಅದರಲ್ಲಿ ಹೊಸ ಖರೀದಿ ಸಾಧ್ಯವಿಲ್ಲ.

ಇದನ್ನು ಮೊದಲೇ ಪರೀಕ್ಷಿಸುವುದು ಕಷ್ಟವಲ್ಲ. ಖಾತೆ ತೆರೆದ ಮೇಲೆ ನಾಲ್ಕೈದು ದಿನ ಬೆಳಿಗ್ಗೆ 9.15ಕ್ಕೆ ಸರಿಯಾಗಿ ಒಳಹೋಗಿ ನೋಡಿ. ಒಂದು ನಿಜವಾದ ಪ್ರಶ್ನೆಯನ್ನು ಇಮೇಲ್‌ನಲ್ಲಿ ಕೇಳಿ, ಉತ್ತರ ಎಷ್ಟು ಗಂಟೆಗೆ ಬಂತು, ಅದು ನಿಮ್ಮ ಪ್ರಶ್ನೆಗೇ ಉತ್ತರವೋ ಅಥವಾ ಸಿದ್ಧವಾಗಿಟ್ಟ ಮಾತೋ ಎಂದು ಗುರುತಿಸಿ. ಕನ್ನಡದಲ್ಲಿ ಮಾತನಾಡುವವರು ಸಹಾಯವಾಣಿಯಲ್ಲಿ ಇದ್ದಾರೆಯೇ ಎಂದು ಕೇಳಿ, ಮನೆಯ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ. ಪ್ರತಿ ಬ್ರೋಕರ್ ಮೇಲೆ ಬಂದ ದೂರುಗಳ ಲೆಕ್ಕವನ್ನು ಎನ್‌ಎಸ್‌ಇ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ದೂರುಗಳ ಒಟ್ಟು ಸಂಖ್ಯೆಯನ್ನಲ್ಲ, ಸಕ್ರಿಯ ಗ್ರಾಹಕರ ಸಂಖ್ಯೆಗೆ ಅದರ ಪ್ರಮಾಣವನ್ನು ನೋಡಬೇಕು. ಕೋಟಿ ಗ್ರಾಹಕರಿರುವ ಕಂಪನಿಗೆ ಸಾವಿರ ದೂರು ಬರುವುದಕ್ಕೂ ಹತ್ತು ಸಾವಿರ ಗ್ರಾಹಕರಿರುವ ಕಂಪನಿಗೆ ನೂರು ಬರುವುದಕ್ಕೂ ಅಂತರವಿದೆ.

ಒಂದೇ ಷೇರಿನ ಪ್ರಯೋಗ

ಕೊನೆಗೆ, ದೊಡ್ಡ ಮೊತ್ತ ಹಾಕುವ ಮುನ್ನ ಒಂದೇ ಒಂದು ಷೇರು ಕೊಂಡು ಪೂರ್ತಿ ಸುತ್ತು ಮುಗಿಸಿ. ಹಣ ಹಾಕಿ, ಕೊಳ್ಳಿ, ಆ ದಿನವೇ ಅಥವಾ 24 ಗಂಟೆಯೊಳಗೆ ಇಮೇಲ್‌ಗೆ ಬರುವ ಕಾಂಟ್ರ್ಯಾಕ್ಟ್ ನೋಟ್ (ಆ ದಿನದ ವಹಿವಾಟು ಮತ್ತು ಶುಲ್ಕಗಳ ಅಧಿಕೃತ ವಿವರ) ತೆರೆದು ಮೇಲಿನ ಲೆಕ್ಕದೊಡನೆ ಸಾಲುಸಾಲಾಗಿ ಹೋಲಿಸಿ. ಮರುದಿನ ಷೇರು ಡಿಪಾಸಿಟರಿಯ ಖಾತೆಯಲ್ಲಿ ಕಾಣಿಸಬೇಕು. ನಂತರ ಮಾರಿ, ಹಣವನ್ನು ಬ್ಯಾಂಕಿಗೆ ಹಿಂಪಡೆಯಿರಿ. ಎಷ್ಟು ಹೊತ್ತಿಗೆ ಬಂತೆಂದು ಬರೆದಿಟ್ಟುಕೊಳ್ಳಿ. ತೆರಿಗೆ ವರದಿಯನ್ನೂ ಇಳಿಸಿಕೊಂಡು ನೋಡಿ: ಒಂದು ವರ್ಷದೊಳಗಿನ ಲಾಭ, ಅದಕ್ಕೂ ಮೀರಿದ ಲಾಭ, ಡಿವಿಡೆಂಡ್ ಬೇರೆಬೇರೆಯಾಗಿ ಸ್ಪಷ್ಟವಾಗಿರಬೇಕು, ಇಲ್ಲದಿದ್ದರೆ ಜುಲೈ ತಿಂಗಳಲ್ಲಿ ಲೆಕ್ಕಪರಿಶೋಧಕರ ಮುಂದೆ ಒದ್ದಾಡಬೇಕಾಗುತ್ತದೆ. ವಿದೇಶದಲ್ಲಿರುವ ಕನ್ನಡಿಗರು ಈ ಪ್ರಯೋಗಕ್ಕೂ ಮೊದಲು ಎನ್‌ಆರ್‌ಐ ಖಾತೆಯ ದರಪಟ್ಟಿಯನ್ನು ಪ್ರತ್ಯೇಕವಾಗಿ ಕೇಳಬೇಕು. ಅದು ಇಲ್ಲಿಯವರ ದರಕ್ಕಿಂತ ಸಾಮಾನ್ಯವಾಗಿ ಹೆಚ್ಚು, ಇಂಟ್ರಾಡೇ, ಅಂದರೆ ಅದೇ ದಿನ ಕೊಂಡು ಮಾರುವ, ಅವಕಾಶವೂ ಅವರಿಗಿಲ್ಲ.

ಹೊರಬರುವ ದಾರಿಯನ್ನೂ ಈಗಲೇ ನೋಡಿ. ಡಿಮ್ಯಾಟ್ ಖಾತೆ ಮುಚ್ಚಲು ಶುಲ್ಕವಿಲ್ಲ, ಮುಚ್ಚುತ್ತಾ ಎಲ್ಲ ಷೇರುಗಳನ್ನು ನಿಮ್ಮದೇ ಇನ್ನೊಂದು ಖಾತೆಗೆ ಸಾಗಿಸುವುದಕ್ಕೂ ಶುಲ್ಕ ಹಾಕುವಂತಿಲ್ಲ. ಬ್ರೋಕರ್ ಬಳಿ ಬಗೆಹರಿಯದ ದೂರನ್ನು ಸೆಬಿಯ ಸ್ಕೋರ್ಸ್ ತಾಣದಲ್ಲಿ ಸಲ್ಲಿಸಿದರೆ 21 ದಿನಗಳೊಳಗೆ ಉತ್ತರ ಕೊಡಬೇಕು. ಅದೂ ಸಾಲದಿದ್ದರೆ ಸ್ಮಾರ್ಟ್ ಒಡಿಆರ್ ಎಂಬ ಆನ್‌ಲೈನ್ ಸಂಧಾನ ವ್ಯವಸ್ಥೆಯಿದೆ.

ಅಕ್ಕ ಆಯ್ದುಕೊಂಡದ್ದು ಎರಡರಲ್ಲಿ ತುಸು ದುಬಾರಿಯಾದದ್ದನ್ನು, ಏಕೆಂದರೆ ಅವಳ ಇಮೇಲ್‌ಗೆ ಅದೇ ದಿನ ಸರಿಯಾದ ಉತ್ತರ ಕಳಿಸಿದವರು ಅವರು. ಮಗಳನ್ನು ನಾಮಿನಿ ಮಾಡಿ, ಡಿಮ್ಯಾಟ್ ಸಂಖ್ಯೆ, ಗ್ರಾಹಕ ಸಂಖ್ಯೆ, ಫೋನ್ ಆರ್ಡರ್‌ನ ಸಂಖ್ಯೆ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಎಲ್‌ಐಸಿ ಬಾಂಡ್‌ಗಳ ಕಡತದಲ್ಲಿ ಇಟ್ಟಳು, ಕಡತ ಬೀರುವಿನ ಯಾವ ಅರೆಯಲ್ಲಿದೆ ಎಂದು ಮಗಳನ್ನು ಕರೆದು ತೋರಿಸಿದಳು.