ಕೂಸಿನ ಮುಂದಿನ ತಾಟು ಎತ್ತುವ ಮುಂಚೆ

ಮಗನ ದಿಂಬಿನ ಕೆಳಗೆ ಅರ್ಧ ಚಪಾತಿ ಸಿಕ್ಕಿತು. ಒಣಗಿ ಗಟ್ಟಿಯಾಗಿತ್ತು, ಅಂಚಿನಲ್ಲಿ ಸಣ್ಣ ಹಲ್ಲಿನ ಗುರುತು. ಅವನಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ಎರಡು ವಾರದಿಂದ ನಾನು ಅವನ ತಾಟನ್ನು ಬೇಗ ಎತ್ತುತ್ತಿದ್ದೆ. ಒಂದು ಚಪಾತಿ, ಒಂದು ಬಟ್ಟಲು ಅನ್ನ-ಸಾರು, ಅಷ್ಟೇ. ಅವನು ಇನ್ನೂ ಬೇಕು ಅಂತ ಅಳುತ್ತಿದ್ದ, ನಾನು ಟಿವಿ ಹಚ್ಚಿ ಮರೆಸುತ್ತಿದ್ದೆ.

ಶುರುವಾಗಿದ್ದು ಗದಗಿನ ಒಂದು ಮದುವೆಯಲ್ಲಿ. ಅವನು ಗೋಧಿ ಹುಗ್ಗಿ ಎರಡು ಸಲ ಹಾಕಿಸಿಕೊಂಡು ಉಂಡ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು, "ಏನವ್ವಾ, ಕೂಸು ಭಾಳ ದಪ್ಪ ಆಗೇತಿ, ಈಗಿಂದನ ಕಡಿಮಿ ಮಾಡು" ಅಂದರು. ಅದೇ ದಿನ ಸಂಜೆ ಇನ್ನೊಬ್ಬರು, "ಮೈಕೈ ತುಂಬ್ಕೊಂಡು ಎಷ್ಟ ಚೆಂದ ಅದಾನ, ದೃಷ್ಟಿ ತಗೀರಿ" ಅಂದರು. ನನಗೆ ಮೊದಲನೇ ಮಾತೇ ತಲೆಯಲ್ಲಿ ಕೂತಿತು. ಆಮೇಲೆ ಒಂದು ಕ್ಲಿನಿಕ್ಕಿಗೆ ಹೋದರೆ ಎತ್ತರವನ್ನೂ ಅಳೆಯದೆ "ಊಟ ಕಡಿಮೆ ಮಾಡಿಸಿ" ಅಂತ ಹೇಳಿ ಕಳಿಸಿದರು. ಹಾಗಾಗಿ ಕಡಿಮೆ ಮಾಡಿದೆ. ಆ ಚಪಾತಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ವರ್ಷದ ಕೂಸು ಹಸಿವಿಗೆ ಹೆದರಿ ಊಟ ಮುಚ್ಚಿಡೋದು ಕಲಿತಿತ್ತು.

ನಿಮ್ಮ ಮನೆಯಲ್ಲೂ ಇಂಥ ಚಿಂತೆ ಇದ್ದರೆ ನಾನು ಮಾಡಿದ ಕ್ರಮದಲ್ಲಿ ಮಾಡಬೇಡಿ. ಹೀಗೆ ಮಾಡಿ.

ಮೊದಲು ಸರಿಯಾಗಿ ಅಳೆಯಿರಿ

ಬರೀ ತೂಕದಿಂದ ಏನೂ ಗೊತ್ತಾಗುವುದಿಲ್ಲ. ಎತ್ತರವೂ ಬೇಕು. 15 ಕೆಜಿ ಇರುವ ಎತ್ತರದ ಕೂಸಿನ ಕತೆ ಬೇರೆ, 15 ಕೆಜಿ ಇರುವ ಗಿಡ್ಡ ಕೂಸಿನ ಕತೆ ಬೇರೆ. ಅಂಗನವಾಡಿಗೆ ಹೋಗಿ, ಅಲ್ಲಿ ತೂಕದ ಯಂತ್ರದ ಜೊತೆ ಎತ್ತರ ಅಳೆಯುವ ಸಾಧನವೂ ಇರುತ್ತದೆ, ದುಡ್ಡು ಬೇಕಿಲ್ಲ. ತಾಯಿ ಕಾರ್ಡ್ ಒಯ್ಯಿರಿ. ಪ್ರತಿ ಸಲ ಅದೇ ತಕ್ಕಡಿ ಇರಲಿ, ತೆಳು ಬಟ್ಟೆ ಇರಲಿ, ಹೊಟ್ಟೆ ತುಂಬ ಉಂಡ ಮೇಲೆ ಬೇಡ.

ಎತ್ತರ ಅಳೆಯುವಾಗ ನಿಮ್ಮ ಕಣ್ಣು ಕಾಲಿನ ಮೇಲಿರಲಿ. ನಮ್ಮ ಅಂಗನವಾಡಿ ಟೀಚರ್ ಮಗನನ್ನು ಗೋಡೆಗೆ ನಿಲ್ಲಿಸಿದರು. ಅವನು ಮೇಲಿರುವ ಚಿತ್ರ ನೋಡಲು ತುದಿಗಾಲ ಮೇಲೆ ನಿಂತುಬಿಟ್ಟ. ಅವರು ಕೂತು ಎರಡೂ ಹಿಮ್ಮಡಿ ಒತ್ತಿ ಹಿಡಿದು, ನನಗೆ ಗದ್ದ ಹಿಡಿಯಲು ಹೇಳಿ, ಮತ್ತೆ ಅಳೆದರು. ಎರಡು ಸೆಂಟಿಮೀಟರ್ ಫರಕು ಬಂತು. ಎರಡು ವರ್ಷದೊಳಗಿನ ಕೂಸಾದರೆ ಮಲಗಿಸಿಯೇ ಅಳೆಯಬೇಕು.

ಈಗ ಎತ್ತರಕ್ಕೆ ತಕ್ಕ ತೂಕದ ಚಾರ್ಟ್ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2006ರಲ್ಲಿ ಕೊಟ್ಟಿದ್ದು. "ಅದು ಫಾರಿನ್ ಮಕ್ಕಳ ಲೆಕ್ಕ" ಅಂತ ಸುಮ್ನೆ ತಳ್ಳಿಹಾಕಬೇಡಿ, ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು, ಅದರಲ್ಲಿ ದೆಹಲಿಯ ಮಕ್ಕಳೂ ಇದ್ದಾರೆ. ಚಾರ್ಟಿನ ನಡುಗೆರೆ ಅಂದರೆ ಅಷ್ಟೇ ಎತ್ತರದ ಮಕ್ಕಳ ನಡುವಿನ ತೂಕ, ಅದರ ಮೇಲಕ್ಕೆ +1, +2, +3 ಅಂತ ಗೆರೆಗಳಿರುತ್ತವೆ. ಐದು ವರ್ಷದೊಳಗೆ +1 ಮತ್ತು +2 ಗೆರೆಗಳ ನಡುವೆ ಇದ್ದರೆ ಕಣ್ಣಿಡಬೇಕು ಅಂತ ಅರ್ಥ. +2 ದಾಟಿದರೆ ತೂಕ ಜಾಸ್ತಿ, +3 ದಾಟಿದರೆ ಬೊಜ್ಜು. ಸುಮ್ಮನೆ ಅಂದಾಜಿಗೆ ಬೇಕಾದರೆ, ವಯಸ್ಸಿಗೆ ತಕ್ಕ ತೂಕದ ಚಾರ್ಟಿನಲ್ಲಿ ಎರಡು ವರ್ಷಕ್ಕೆ ಗಂಡು ಕೂಸಿನ ನಡುಗೆರೆ 12.2 ಕೆಜಿ, ಹೆಣ್ಣು ಕೂಸಿನದು 11.5 ಕೆಜಿ. ಆಮೇಲೆ ವರ್ಷಕ್ಕೆ ಹೆಚ್ಚುಕಡಿಮೆ 2 ಕೆಜಿ ಏರುತ್ತದೆ. ನಡುಗೆರೆಗಿಂತ ಮೇಲಿದೆ ಅಂದಕೂಡಲೇ ತಪ್ಪು ಅಂತ ಅಲ್ಲ.

ನನ್ನ ಮಗ 92 ಸೆಂಟಿಮೀಟರ್, 15 ಕೆಜಿ 300 ಗ್ರಾಂ ಇದ್ದ. ಅಂದರೆ ಕಣ್ಣಿಡಬೇಕಾದ ಪಟ್ಟಿಯಲ್ಲಿ. ಒಂದು ಸಲದ ಅಳತೆ ನೋಡಿ ತೀರ್ಮಾನಕ್ಕೆ ಬರಬೇಡಿ. ತಿಂಗಳಿಗೊಮ್ಮೆ, ಮೂರು ತಿಂಗಳು ಅಳೆಸಿ. ಅವನ ಗೆರೆ ಚಾರ್ಟಿನ ಗೆರೆಗೆ ಸರಿಸಮ ಹೋಗುತ್ತಿದೆಯಾ, ಅಥವಾ ಗೆರೆ ದಾಟಿ ಮೇಲೆ ಏರುತ್ತಿದೆಯಾ ಅನ್ನುವುದೇ ಮುಖ್ಯ. ಇನ್ನೊಂದು, ಈ ವಯಸ್ಸಿನಲ್ಲಿ ಹೊಟ್ಟೆ ಮುಂದೆ ಬಂದೇ ಇರುತ್ತದೆ. ಅದನ್ನು ನೋಡಿ ಹೆದರಬೇಡಿ.

ತಾಟಿನ ಸುತ್ತ ಏನಿದೆ ಬರೆಯಿರಿ

ಮೂರು ದಿನ, ಬಾಯಿಗೆ ಹೋದದ್ದೆಲ್ಲ ಬರೆದಿಡಿ. ಊಟ ಮಾತ್ರ ಅಲ್ಲ, ಎಲ್ಲವೂ. ನನಗೆ ಕಣ್ಣು ತೆರೆದದ್ದು ಇಲ್ಲೇ. ರೊಟ್ಟಿ, ಪಲ್ಯ, ಅನ್ನ ಎಲ್ಲ ಸರಿಯಾಗಿಯೇ ಇತ್ತು. ಉಳಿದದ್ದು ನೋಡಿ: ಬೆಳಿಗ್ಗೆ ಬಾಟಲಿ ಹಾಲು, ಅಜ್ಜನ ಚಹಾದಲ್ಲಿ ಅದ್ದಿದ ಎರಡು ಬಿಸ್ಕಿಟ್, ಮಧ್ಯಾಹ್ನ ಮಲಗುವಾಗ ಬಾಟಲಿ, ನಾಲ್ಕಕ್ಕೆ ಚುರುಮುರಿ ಜೊತೆ ಖಾರಾ-ಸೇವು, ಕಾಕಾ ಆಫೀಸಿನಿಂದ ಬರುವಾಗ ಒಂದು ಚಾಕ್ಲೆಟ್, ರಾತ್ರಿ ಮತ್ತೆ ಬಾಟಲಿ, ಅದರಲ್ಲಿ ಸಕ್ಕರೆ. ನಾನು ಎತ್ತಿದ್ದು ಇವ್ಯಾವನ್ನೂ ಅಲ್ಲ, ಚಪಾತಿಯನ್ನು.

ಹಾಲಿನ ಲೆಕ್ಕ ಒಮ್ಮೆ ಹಾಕಿ. ನಮ್ಮ ಕಡೆ ಎಮ್ಮೆ ಹಾಲು ಜಾಸ್ತಿ, ಧಾರವಾಡಿ ಎಮ್ಮೆ ಅನ್ನೋ ತಳಿಯೇ ಇದೆಯಲ್ವಾ, ಅದರ ಹಾಲು ಗಟ್ಟಿ ಇರುವುದಕ್ಕೇ ಪೇಡಾ ಅಷ್ಟು ರುಚಿ. ಆ ಹಾಲು 100 ಮಿಲಿಗೆ ಸುಮಾರು 100 ಕ್ಯಾಲೊರಿ. ಒಂದರಿಂದ ಮೂರು ವರ್ಷದ ಕೂಸಿಗೆ ಇಡೀ ದಿನಕ್ಕೆ ಬೇಕಾಗುವುದು ಸುಮಾರು 1000 ಕ್ಯಾಲೊರಿ. ಮುಕ್ಕಾಲು ಲೀಟರ್ ಕುಡಿದರೆ ಮುಕ್ಕಾಲು ದಿನದ್ದು ಹಾಲಲ್ಲೇ ಮುಗಿಯಿತು. ಮೇಲಾಗಿ ಹಾಲು ಜಾಸ್ತಿಯಾದರೆ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತ ಕಮ್ಮಿಯಾಗುತ್ತದೆ, ದಪ್ಪ ಕೂಸಿಗೂ ಆಗುತ್ತದೆ. ದಿನಕ್ಕೆ 400ರಿಂದ 500 ಮಿಲಿ ಸಾಕು. ಬಾಟಲಿ ಬಿಡಿಸಿ, ಲೋಟದಲ್ಲಿ ಕೊಡಿ. ನಾವು ಮೊದಲು ಮಧ್ಯಾಹ್ನದ ಬಾಟಲಿ ಬಿಡಿಸಿದೆವು, ನಾಲ್ಕು ದಿನ ಅತ್ತ. ಆಮೇಲೆ ರಾತ್ರಿಯದು, ಅದಕ್ಕೆ ಹತ್ತು ದಿನ ಹಿಡಿಯಿತು. ಎರಡು ವರ್ಷ ಆಗುವವರೆಗೆ ಮಾತ್ರ ಹಾಲಿನ ಕೆನೆ ತೆಗೆಯಲು ಹೋಗಬೇಡಿ. ಆ ವಯಸ್ಸಿನಲ್ಲಿ ಮಿದುಳು ಬೆಳೆಯಲು ಕೊಬ್ಬು ಬೇಕು.

ಸಕ್ಕರೆ ಎರಡು ವರ್ಷದವರೆಗೆ ಬೇಡವೇ ಬೇಡ. ಆಮೇಲೂ ದಿನಕ್ಕೆ 25 ಗ್ರಾಂ ಒಳಗೆ, ಅಂದರೆ ಸಣ್ಣ ಚಮಚದಲ್ಲಿ ಐದು, ಬಿಸ್ಕಿಟ್ಟಿನೊಳಗಿನದೂ ಸೇರಿ. ಪ್ಯಾಕೆಟ್ ಜ್ಯೂಸ್ ತರಲೇಬೇಡಿ, ಪೇರಲ ಕೊಡಿ. ಚಹಾ ನಿಲ್ಲಿಸಿ, ಅದು ಊಟದ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ಮಾಡುತ್ತದೆ.

ಇದರಲ್ಲಿ ಕಷ್ಟದ್ದು ಅಜ್ಜ-ಆಯಿಗೆ ಹೇಳುವುದು. "ಕೊಡಬ್ಯಾಡ್ರಿ" ಅಂದರೆ ಅವರ ಮನಸ್ಸು ನೋಯುತ್ತದೆ, ಅವರಿಗೆ ತಿನ್ನಿಸುವುದೇ ಪ್ರೀತಿ. ನಾನು ಮಾವನವರಿಗೆ ಹೇಳಿದ್ದು ಇಷ್ಟು: "ಮಾಮಾ, ನಾಲ್ಕರ ಹೊತ್ತಿಂದು ನೀವ ನೋಡ್ಕೊಳ್ರಿ. ಹಣ್ಣು ನೀವ ತರ್ರಿ, ನೀವ ಹೆಚ್ಚಿ ಕೊಡ್ರಿ." ಈಗ ಅವರು ಮೊಮ್ಮಗನನ್ನು ಕರೆದುಕೊಂಡು ಹೋಗಿ ಬಂಡಿಯವನ ಹತ್ತಿರ ಪೇರಲ ಆರಿಸುತ್ತಾರೆ. ಬಿಸ್ಕಿಟ್ ನಿಲ್ಲಿಸಿ ಅಂತ ನಾನು ಹೇಳಲೇ ಇಲ್ಲ, ತಾನಾಗಿ ನಿಂತಿತು. ಪೇಡಾ ಹಬ್ಬಕ್ಕೆ ಇರಲಿ, ಎಲ್ಲರ ಜೊತೆ ಒಂದು ತಿನ್ನಲಿ. ಆದರೆ "ಅಳಬ್ಯಾಡ, ಪೇಡಾ ಕೊಡ್ತೀನಿ" ಅನ್ನುವುದು ಮಾತ್ರ ಬಿಡಿ. ಅಳುವಿಗೂ ಸಿಹಿಗೂ ಗಂಟು ಬಿದ್ದರೆ ಬಿಡಿಸುವುದು ಕಷ್ಟ.

ಏನು, ಯಾವಾಗ ಅನ್ನುವುದು ನಮ್ಮದು. ಎಷ್ಟು ಅನ್ನುವುದು ಅವನದು

ಇದನ್ನು ನಂಬಲು ನನಗೆ ಧೈರ್ಯ ಬೇಕಾಯಿತು. ತಾಟಿಗೆ ಏನು ಹಾಕಬೇಕು, ಯಾವ ಹೊತ್ತಿಗೆ, ಎಲ್ಲಿ ಕೂತು, ಇದಿಷ್ಟು ನಾವು ನಿರ್ಧರಿಸುವುದು. ಎಷ್ಟು ಉಣ್ಣಬೇಕು ಅನ್ನುವುದನ್ನು ಕೂಸಿನ ಹೊಟ್ಟೆಗೆ ಬಿಡುವುದು. ಸಣ್ಣ ಮಕ್ಕಳಿಗೆ ಹಸಿವಿನ ಅಳತೆ ಇರುತ್ತದೆ, ಒಂದು ದಿನ ಮೂರು ಪಟ್ಟು ಉಂಡು ಮರುದಿನ ಎರಡು ತುತ್ತಿಗೆ ಎದ್ದು ಹೋಗುತ್ತವೆ, ವಾರದ ಲೆಕ್ಕದಲ್ಲಿ ಸರಿಹೋಗುತ್ತದೆ. ನಾವು ಕಸಿದುಕೊಂಡರೆ ಆ ಅಳತೆ ಕೆಡುತ್ತದೆ, ಊಟ ಕಂಡರೆ ಆಸೆ ಜಾಸ್ತಿಯಾಗುತ್ತದೆ. ಇನ್ನೊಂದು ತುತ್ತು ಅಂತ ಒತ್ತಾಯ ಮಾಡಿದರೂ ಕೆಡುತ್ತದೆ.

ಹೊತ್ತು ಗಟ್ಟಿ ಮಾಡಿ. ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ. ಆ ನಡುವೆ ನೀರು, ಹೆಚ್ಚೆಂದರೆ ಒಂದೆರಡು ಹೋಳು ಸೌತೆಕಾಯಿ. ಹನ್ನೊಂದಕ್ಕೆ "ಹಸಿವು" ಅಂತ ಬಂದರೆ ಬೈಯಬೇಡಿ. "ರೊಟ್ಟಿ ಆಗಾಕತ್ತೇತಿ, ಬಾ ನೋಡು" ಅಂತ ಅಡುಗೆಮನೆಗೆ ಕರೆಯಿರಿ, ಸೌತೆಕಾಯಿ ತೆಳುವಾಗಿ ಹೆಚ್ಚಿ ಕೈಗೆ ಕೊಡಿ. ಅರ್ಧ ಸಲ ಅದು ಹಸಿವೇ ಅಲ್ಲ, ಬೇಸರ.

ತಾಟಿಗೆ ಮೊದಲು ಪಲ್ಯ ಬೀಳಲಿ, ಹಸಿದ ಬಾಯಿಗೆ ಮೆಂತ್ಯೆ ಪಲ್ಯವೂ ಹೋಗುತ್ತದೆ. ಆಮೇಲೆ ಜೋಳದ ರೊಟ್ಟಿಯ ಕಾಲು ಭಾಗ, ಹರಿದು ಬೇಳೆಯಲ್ಲಿ ನೆನೆಸಿ. ಹೆಸರುಕಾಳು ಅಥವಾ ಮಡಿಕೆಕಾಳು, ಸ್ವಲ್ಪ ಮೊಸರು. ಅನ್ನ ಕೊನೆಗೆ. ಎರಡನೇ ಸಲ ಕೇಳಿದರೆ ಕೊಡಿ, ಅನ್ನ ಒಂದನ್ನೇ ಅಲ್ಲ, ಪಲ್ಯ-ರೊಟ್ಟಿಯನ್ನೂ ಮುಂದಿಡಿ. ರೊಟ್ಟಿ ಜಗಿಯಬೇಕು, ಅದರಿಂದ ಊಟ ನಿಧಾನವಾಗುತ್ತದೆ, ಹೊಟ್ಟೆ ತುಂಬಿದ್ದು ತಿಳಿಯಲು ಹೊತ್ತು ಸಿಗುತ್ತದೆ. ಟಿವಿ, ಮೊಬೈಲ್ ಮುಂದೆ ಉಣಿಸಿದರೆ ಅದು ತಿಳಿಯುವುದೇ ಇಲ್ಲ. ಇಡೀ ಶೇಂಗಾ, ಪುಠಾಣಿ ನಾಲ್ಕು ವರ್ಷದವರೆಗೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಚಟ್ನಿಪುಡಿ ಮಾಡಿ ಮೊಸರಲ್ಲಿ ಕಲಸಿ.

ಆಟ ಮತ್ತು ನಿದ್ದೆ ಇಲ್ಲದೆ ಇದ್ಯಾವುದೂ ಸಾಗದು. ದಿನಕ್ಕೆ ಎಲ್ಲ ಸೇರಿ ಮೂರು ತಾಸು ಓಡಾಟ ಇರಲಿ. ಎರಡು ವರ್ಷದ ಕೂಸಿಗೆ 11ರಿಂದ 14 ತಾಸು, ಮೂರು-ನಾಲ್ಕು ವರ್ಷಕ್ಕೆ 10ರಿಂದ 13 ತಾಸು ನಿದ್ದೆ. ಸ್ಕ್ರೀನ್ ಎರಡು ವರ್ಷದ ನಂತರವೂ ಒಂದು ತಾಸಿನೊಳಗೆ. ನಾವು ಸಂಜೆ ಕೆಲಗೇರಿ ಕೆರೆ ಕಡೆ ಹೋಗುತ್ತೇವೆ, ಗಾಡಿಯಿಂದ ಇಳಿಸಿ ಅವನನ್ನು ನಡೆಸುತ್ತೇವೆ. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಮನೆಯಲ್ಲೇ ಗಾದಿ ಹಾಸಿ ಉರುಳಾಟ.

ಡಾಕ್ಟರ್ ಹತ್ತಿರ ಯಾವಾಗ

"ಜಂತು ಆಗಿರಬೇಕು, ಅದಕ್ಕ ಅಷ್ಟು ಉಣ್ತಾನ" ಅನ್ನುವವರಿದ್ದಾರೆ. ಜಂತಿಗೆ ಹಸಿವು ಕಡಿಮೆಯಾಗುವುದೇ ಜಾಸ್ತಿ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಹೊತ್ತಿಗೆ ಅಂಗನವಾಡಿಯಲ್ಲಿ ಮಾತ್ರೆ ಕೊಡುತ್ತಾರೆ, ಅದನ್ನು ತಪ್ಪಿಸದಿದ್ದರೆ ಸಾಕು.

ಆದರೆ ಕೆಲವಕ್ಕೆ ತಡ ಮಾಡಬಾರದು. ತೂಕ ಏರುತ್ತಿದ್ದು ಎತ್ತರ ನಿಂತಿದ್ದರೆ. ಹುಟ್ಟಿದಾಗ ಮೈ ಸಡಿಲವಿದ್ದು ಹಾಲು ಚೀಪಲೂ ಆಗದಿದ್ದ ಕೂಸು ಎರಡು ವರ್ಷದ ಸುತ್ತಮುತ್ತ ಒಮ್ಮೆಲೇ ಎಷ್ಟು ಉಂಡರೂ ತಣಿಯದಂತಾದರೆ. ಮೊದಲ ತಿಂಗಳುಗಳಿಂದಲೇ ತೂಕ ಬೇಕಾಬಿಟ್ಟಿ ಏರುತ್ತಿದ್ದರೆ. ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರು ನಿಂತಂತಾದರೆ. ಮಣ್ಣು, ಸುಣ್ಣ ತಿನ್ನುತ್ತಿದ್ದರೆ. ಜಾಸ್ತಿ ಉಂಡು, ಜಾಸ್ತಿ ನೀರು ಕುಡಿದು, ಪದೇ ಪದೇ ಮೂತ್ರ ಮಾಡಿ ತೂಕ ಇಳಿಯುತ್ತಿದ್ದರೆ ಅದೇ ದಿನ ಹೋಗಿ, ಅದು ಸಕ್ಕರೆ ಕಾಯಿಲೆ ಇರಬಹುದು. ಚಾರ್ಟಿನಲ್ಲಿ +2 ದಾಟಿದ್ದರೂ ಮಕ್ಕಳ ಡಾಕ್ಟರಿಗೆ ತೋರಿಸಿ.

ಹೋಗುವಾಗ ತಾಯಿ ಕಾರ್ಡ್ ಮತ್ತು ಆ ಮೂರು ದಿನದ ಪಟ್ಟಿ ಒಯ್ಯಿರಿ. ಎತ್ತರ ಅಳೆಯದಿದ್ದರೆ ಅಳೆಯಲು ಕೇಳಿ, ಸಂಕೋಚ ಬೇಡ. ಇಷ್ಟು ಸಣ್ಣ ಮಕ್ಕಳಿಗೆ ತೂಕ ಇಳಿಸುವ ಪಥ್ಯ ಸಾಮಾನ್ಯವಾಗಿ ಇರುವುದಿಲ್ಲ. ತೂಕ ನಿಧಾನವಾಗಿ ಏರಲಿ, ಎತ್ತರ ಬಂದು ಹಿಡಿಯಲಿ ಅಂತ ಕಾಯುವುದು. ಐದು ತಿಂಗಳಿಗೆ ನನ್ನ ಮಗ 92ರಿಂದ 95.5 ಸೆಂಟಿಮೀಟರ್ ಆದ, ತೂಕ ಅರ್ಧ ಕೆಜಿ ಮಾತ್ರ ಏರಿತು. ಇನ್ನೂ ಆ ಪಟ್ಟಿಯಲ್ಲೇ ಇದ್ದಾನೆ, ಆದರೆ ಕೆಳಗಿನ ಗೆರೆಗೆ ಹತ್ತಿರ ಬಂದಿದ್ದಾನೆ.

ಡಾಕ್ಟರ್ ಜೊತೆ ಮಾತು ಶುರುವಾಗುವ ಮುಂಚೆ ಕೂಸನ್ನು ಯಾರ ಜೊತೆಗಾದರೂ ಹೊರಗೆ ಕಳಿಸಿ. ದಪ್ಪ, ಹೊಟ್ಟೆಬಾಕ ಅನ್ನುವ ಮಾತು ಅದರ ಕಿವಿಗೆ ಬೀಳುವುದು ಬೇಡ, ಮನೆಯಲ್ಲೂ ಬೇಡ. ನಾನು ಈಗಲೂ ಹಾಸಿಗೆ ಕೊಡವುವಾಗ ದಿಂಬು ಎತ್ತಿ ನೋಡುತ್ತೇನೆ. ಚಪಾತಿ ಮತ್ತೆ ಸಿಕ್ಕಿಲ್ಲ.