ಮೃದು ವಸಂತ ಗೋಧಿ ಬೆಳೆಯುವಾಗ ನಾನು ಪಾಲಿಸುವ ಕ್ರಮ

ಮೃದು ಗೋಧಿಯ ಕಾಳನ್ನು ಬ್ಲೇಡಿನಿಂದ ಅಡ್ಡಕ್ಕೆ ಸೀಳಿದರೆ ಒಳಗಿನ ತಿರುಳು ಸುಣ್ಣದಂತೆ ಬೆಳ್ಳಗಿದ್ದು, ಉಗುರು ತಾಗಿಸಿದರೆ ಪುಡಿಯಾಗುತ್ತದೆ. ಈ ಮೃದುತ್ವ ತಳಿಯಿಂದಲೇ ಬಂದದ್ದು. ಕಾಳಿನ ಪ್ರೋಟೀನ್ ಪ್ರಮಾಣ ಮಾತ್ರ ಬಹುಪಾಲು ಬೆಳೆಗಾರ ಹಾಕುವ ಗೊಬ್ಬರವನ್ನು ಅವಲಂಬಿಸಿರುತ್ತದೆ. ಬಿಸ್ಕತ್ತು, ಕೇಕಿನ ಹಿಟ್ಟಿಗೆ ಸುಮಾರು ಶೇ. 8ರಿಂದ 10ರಷ್ಟು ಪ್ರೋಟೀನ್ ಸಾಕು. ಅದಕ್ಕಿಂತ ಹೆಚ್ಚಾದರೆ ಕಣಕ ಜಗ್ಗುತ್ತದೆ, ಬಿಸ್ಕತ್ತು ಗಟ್ಟಿಯಾಗುತ್ತದೆ.

ವಸಂತ ಗೋಧಿ ತೆನೆ ಬಿಡಲು ಚಳಿಗಾಲದ ಗೋಧಿಯಂತೆ ವಾರಗಟ್ಟಲೆ ಶೀತವನ್ನು ಬೇಡುವುದಿಲ್ಲ. ಆದ್ದರಿಂದ ಮಣ್ಣಿನ ಉಷ್ಣಾಂಶ 4–5 ಡಿಗ್ರಿ ಸೆಲ್ಸಿಯಸ್ ದಾಟಿ, ನೆಲ ಹದಕ್ಕೆ ಬಂದ ಕೂಡಲೇ 3–4 ಸೆಂ.ಮೀ. ಆಳಕ್ಕೆ ಬಿತ್ತುತ್ತೇನೆ, ತಡವಾದರೆ ತೆಂಡೆ (ಬುಡದಿಂದ ಒಡೆಯುವ ಕವಲು) ಕಡಿಮೆಯಾಗುವುದಲ್ಲದೆ, ಕಾಳು ತುಂಬುವ ಹೊತ್ತಿಗೆ ಬಿಸಿಲೇರಿ ಕಾಳು ಸೊರಗುತ್ತದೆ. ಬೀಜದ ಪ್ರಮಾಣವನ್ನು ಸಾವಿರ ಕಾಳಿನ ತೂಕದಿಂದ ಲೆಕ್ಕ ಹಾಕುತ್ತೇನೆ. ಅದು 40 ಗ್ರಾಂ ಇದ್ದು, ಚದರ ಮೀಟರಿಗೆ 300 ಮೊಳೆಯುವ ಬೀಜ ಬೇಕೆಂದರೆ ಹೆಕ್ಟೇರಿಗೆ 120 ಕಿಲೋ, ಮೊಳಕೆ ಶೇ. 90 ಇದ್ದರೆ ಸುಮಾರು 133 ಕಿಲೋ.

ಸಾರಜನಕದ ವಿಷಯದಲ್ಲಿ ಮಾತ್ರ ನಾನು ಬಲು ಬಿಗಿ. ಒಂದು ಪಾಲನ್ನು ಬಿತ್ತನೆಯಲ್ಲಿ, ಉಳಿದದ್ದನ್ನು ತೆಂಡೆಯೊಡೆಯುವಾಗ ಕೊಟ್ಟು ಅಲ್ಲಿಗೆ ನಿಲ್ಲಿಸುತ್ತೇನೆ. ಹೊಡೆ ತುಂಬುವಾಗ, ಅಂದರೆ ತೆನೆ ಇನ್ನೂ ಎಲೆಯ ಹೊದಿಕೆಯೊಳಗೇ ಇರುವಾಗ, ಹಾಕಿದ ಯೂರಿಯಾದಿಂದ ಇಳುವರಿ ಅಷ್ಟೇನೂ ಏರದು, ಏರುವುದು ಕಾಳಿನ ಪ್ರೋಟೀನು. ಗಡಸು ಗೋಧಿಯವರಿಗೆ ಲಾಭವಾಗುವ ಇದೇ ಕ್ರಮ ನಮಗೆ ನಷ್ಟ. ದ್ವಿದಳ ಬೆಳೆಯ ನಂತರ ಬಿತ್ತಿದ್ದರೆ ಗೊಬ್ಬರವನ್ನು ಇನ್ನೂ ತಗ್ಗಿಸುತ್ತೇನೆ. ಮೆಕ್ಕೆಜೋಳ ಕೊಯ್ದ ನೆಲದಲ್ಲಿ, ಅದರ ಕೂಳೆಯಿಂದ ಫ್ಯುಸೇರಿಯಂ ಶಿಲೀಂಧ್ರ ತೆನೆಗೆ ಹತ್ತುವ ಕಾರಣ, ಗೋಧಿ ಬಿತ್ತುವುದೇ ಇಲ್ಲ. ತುಕ್ಕು ರೋಗ ಕಂಡರೆ ತುದಿಯ ಎಲೆಗೆ ಏರುವ ಮುನ್ನವೇ ಔಷಧಿ ಸಿಂಪಡಿಸುತ್ತೇನೆ, ಏಕೆಂದರೆ ಕಾಳು ತುಂಬುವುದು ಹೆಚ್ಚಾಗಿ ಆ ಎಲೆಯ ಬಲದಿಂದ.

ಬಿಳಿ ಸಿಪ್ಪೆಯ ತಳಿಗಳಲ್ಲಿ ಬೀಜದ ಸುಪ್ತಾವಸ್ಥೆ, ಅಂದರೆ ಮೊಳೆಯದೆ ಸುಮ್ಮನಿರುವ ಅವಧಿ, ಸಾಮಾನ್ಯವಾಗಿ ಕಡಿಮೆ. ಮಾಗಿದ ಪೈರಿನ ಮೇಲೆ ಮಳೆ ಹಿಡಿದರೆ ತೆನೆಯಲ್ಲೇ ಮೊಳಕೆಯೊಡೆಯುತ್ತದೆ. ಆಗ ಹೆಚ್ಚುವ ಆಲ್ಫಾ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆದು ಹಿಟ್ಟನ್ನು ಕೆಡಿಸುತ್ತದೆ. ಹೊರಗೆ ಮೊಳಕೆ ಕಾಣದಿದ್ದರೂ ಒಳಗೆ ಈ ಹಾನಿ ಆಗಿರಬಹುದು. ಹಾಗಾಗಿ ಮಳೆಯ ಸೂಚನೆ ಇದ್ದರೆ ಪೂರ್ತಿ ಒಣಗುವುದನ್ನು ಕಾಯದೆ, ತೇವಾಂಶ ಶೇ. 17–18 ಇರುವಾಗಲೇ ಕೊಯ್ದು, ಯಂತ್ರದಲ್ಲಿ ಶೇ. 13ಕ್ಕೆ ಇಳಿಸಿ ಸಂಗ್ರಹಿಸುತ್ತೇನೆ. ಒಣಗಿಸುವ ಖರ್ಚು ಭಾರವೇ. ಆದರೂ ಮೊಳೆತ ಗೋಧಿಯನ್ನು ದನದ ಮೇವಿನ ದರಕ್ಕೆ ಮಾರುವುದಕ್ಕಿಂತ ಅದು ಅಗ್ಗ. ಬೀಜಕ್ಕೆಂದು ತೆಗೆದಿಡುವ ಕಾಳನ್ನು ಮಾತ್ರ ಬೇರೆಯಾಗಿ, 40 ಡಿಗ್ರಿ ದಾಟದ ಗಾಳಿಯಲ್ಲಿ ಒಣಗಿಸುತ್ತೇನೆ.